ಅತೀಯಾ ಮಾಫ್ ಮಾಡಿದಳಂತೆ

ಶಬ್ಬೀರಸಾಬನ ಶವವಿದ್ದ ಜನಾಜಾ ಎತ್ತಲು ನಾಲ್ವರು ಬಗ್ಗಿದ್ದರು. ಇಮಾಮಬಾನು ಅಡ್ಡ ಬಂದು ಕೈಚಾಚಿ ನಿಂತಳು.

"ತಡೀರಿ. ಮಗಳಿನ್ನೂ ಮಾಫ್ ಮಾಡೀನಿ ಅಂದಿಲ್ಲ. ನನ್ನ ತಮ್ಮಗ ಹೊರಿ ಹೊರಿಸಿ ಕಳಸಬ್ಯಾಡ್ರಿ."

ನಾಲ್ವರೂ ಹೊಸ್ತಿಲಿನಾಚೆ ಸರಿದರು. ಶಬ್ಬೀರಸಾಬ ಕೊಪ್ಪಳದ ಪಕ್ಕದ ಭಾಗ್ಯನಗರದ ದರ್ಜಿ. ಮೂವತ್ತು ವರ್ಷ ಓಣಿಯ ಮಕ್ಕಳಿಗೆಲ್ಲ ಶಾಲೆಯ ಯುನಿಫಾರ್ಮ್ ಹೊಲಿದವನು, ಯಾರ ಮೇಲೂ ದನಿಯೇರಿಸದ ಮೆತ್ತನೆಯ ಮನುಷ್ಯ. ಸತ್ತವನ ತಪ್ಪುಗಳನ್ನು ಮನೆಯವರು ಬಾಯಿಬಿಟ್ಟು ಮಾಫ್ ಮಾಡಿಯೇ ಕಳಿಸುವುದು ಅವರಲ್ಲಿ ವಾಡಿಕೆ. ಹೆಂಡತಿ ಅಮೀನಾಬೀ ಹೇಳಿಯಾಗಿತ್ತು. ಮಗ ಜಮೀರ ಹೇಳಿಯಾಗಿತ್ತು. ಯಾರೂ ಕೇಳದಿದ್ದರೂ ಪಕ್ಕದ ಮನೆಯ ಶೇಖರಮ್ಮ, "ಒಂದ್ಸಲ ಜಂಪರ್ ಬಿಗಿ ಹೊಲದಿದ್ದ, ಹೋಗ್ಲಿ ಬಿಡ್ರಿ" ಎಂದು ಕಣ್ಣೊರೆಸಿಕೊಂಡಿದ್ದಳು. ಉಳಿದವಳು ಇಪ್ಪತ್ತೆಂಟರ ಮಗಳು ಅತೀಯಾ.

"ಅನ್ನವಾ," ಶೇಖರಮ್ಮ ಅವಳ ರಟ್ಟೆ ಹಿಡಿದಳು. "ನಿಮ್ಮಪ್ಪ ನಿನ್ನ ಮನ್ಯಾಗ ಕೂಡ್ರಿಸ್ಕೊಂಡು ತಾನ ಸಾಲಿ ಕಲಿಸ್ಯಾನ. ಯಾ ಅಪ್ಪ ಮಾಡ್ತಾನ ಹೇಳು?"

ಹೌದು ಹೌದು ಎಂದರು ಕೂತ ಹೆಂಗಸರು. ಸತ್ತವರೆಲ್ಲ ಒಳ್ಳೆಯವರೇ, ಇವನಂತೂ ಬದುಕಿದ್ದಾಗಲೇ ಒಳ್ಳೆಯವನೆನಿಸಿಕೊಂಡಿದ್ದ.

"ಮಾಫ್ ಮಾಡ್ತೀನಿ," ಅತೀಯಾ ಹೇಳಿದಳು. "ನನ್ನ ಸಾಲಿ ಯಾಕ ಬಿಡಿಸಿದ್ರು ಅನ್ನೋದನ್ನ ಭಾಯ್ ಹೊರಗ ಮಂದಿ ಮುಂದ ಹೇಳಲಿ. ಆಮ್ಯಾಲ ಮಾಡ್ತೀನಿ."

ಜಮೀರನ ಮುಖ ಕಪ್ಪಿಟ್ಟಿತು. ಹೊರಗೆ ಶಾಮಿಯಾನದಡಿ ಅವನ ಕೊಪ್ಪಳದ ಆಫೀಸಿನವರು ಕುರ್ಚಿ ಹಾಕಿಕೊಂಡು ಕೂತಿದ್ದರು.

*

ಜಮೀರ ಅವಳಿಗಿಂತ ಒಂದು ವರ್ಷಕ್ಕೆ ದೊಡ್ಡವನು. ಆರನೆಯ ತರಗತಿಯಲ್ಲಿ ನಪಾಸಾಗಿ ತಂಗಿಯ ಜೊತೆಗೇ ಕೂತ. ಅವಳು ಮೊದಲು, ಅವನು ಕೊನೆಗೆ. ಮಾಸ್ತರರು ಅವನ ಕಿವಿ ಹಿಂಡಿ, "ತಂಗೀನ್ನ ನೋಡಿ ಕಲಿಯೋ" ಅನ್ನುತ್ತಿದ್ದರು. ದೀಪಾವಳಿ ರಜೆ ಮುಗಿದ ಮೇಲೆ ಅವನು ಶಾಲೆಯ ಕಡೆ ಮುಖ ಹಾಕಲಿಲ್ಲ. ಒಂದು ವಾರ ಗೋಗರೆದರೂ ಒಲ್ಲೆನೆಂದ. ಎಂಟನೆಯ ದಿನ ಶಬ್ಬೀರಸಾಬ ಶಾಲೆಗೆ ಹೋಗಿ ಟಿಸಿ ತಂದ. ಅತೀಯಾಳದು.

"ಇವತ್ತಿನಿಂದ ನಾನ ನಿನಗ ಮಾಸ್ತರ," ಎಂದ. "ಸಾಲಿಗಿಂತ ಛಲೋ ಕಲಸ್ತೀನಿ. ಹತ್ತನೇತ್ತೆ ಪರೀಕ್ಷಾ ಮನಿಯಿಂದಾನ ಕಟ್ಟಿಸ್ತೀನಿ."

ಹುಡುಗಿಗೆ ಖುಷಿಯೋ ಖುಷಿ. ನಮ್ಮ ಅಬ್ಬಾನೇ ನಮ್ಮ ಮಾಸ್ತರ ಎಂದು ಓಣಿಗೆಲ್ಲ ಸಾರಿಬಂದಳು. ಅವನೂ ಮೈಗಳ್ಳತನ ಮಾಡಲಿಲ್ಲ, ನಾಲ್ಕು ತಿಂಗಳು ಶ್ರದ್ಧೆಯಿಂದಲೇ ಕಲಿಸಿದ. ಆಮೇಲೆ ಯುನಿಫಾರ್ಮಿನ ಸೀಜನ್ ಬಂತು. ಪೆನ್ಸಿಲ್ ಹಿಡಿದ ಕೈಗೆ ಸೂಜಿ ಬಂತು.

"ಗುಂಡಿಗೆ ಕಾಜಾ ಹಾಕ್ಕೋಂತ ಮಗ್ಗಿ ಅನ್ನವಾ. ಎರಡೂ ಆಗ್ತಾವು."

ತನ್ನ ಜೊತೆ ಓದಿದವರ ಅಂಗಿಗಳಿಗೆ ಅವಳು ಕಾಜಾ ಹಾಕಿದಳು. ವರ್ಷವರ್ಷವೂ ಅಂಗಿಗಳು ದೊಡ್ಡವಾದವು. ಮತ್ತೆ ಶಾಲೆಗೆ ಹೋಗತೊಡಗಿದ್ದ ಜಮೀರ ಸಂಜೆ ಪುಸ್ತಕ ತಂದು ಅವಳ ಮುಂದೆ ಎಸೆಯುತ್ತಿದ್ದ. ಅವನ ಲೆಕ್ಕ ಬಿಡಿಸಿ, ಅವನಿಗೆ ತಿಳಿಯುವ ತನಕ ಹೇಳಿಕೊಡುವುದೇ ಅವಳ ಶಾಲೆಯಾಯಿತು. ಅವನು ಹತ್ತನೆಯದು ಪಾಸಾದ. ನನ್ನ ಪರೀಕ್ಷೆ ಯಾವಾಗ ಎಂದು ಕೇಳಿದರೆ ಅಪ್ಪ "ಬರೋ ವರ್ಷ" ಅನ್ನುತ್ತಿದ್ದ. ಬರುವ ವರ್ಷ ಬಂದು ಬಂದು ಹೋಯಿತು. ಆದರೂ ಅವಳಿಗೆ ಅಪ್ಪನ ಮೇಲೆ ಬೇಸರವಿರಲಿಲ್ಲ. ತನಗೆ ಕಲಿಸುವ ಆಸೆಯಿಂದ ಬಿಡಿಸಿದ, ಪಾಪ, ಕೆಲಸದ ಒತ್ತಡದಲ್ಲಿ ಆಗಲಿಲ್ಲ ಎಂದೇ ನಂಬಿದ್ದಳು.

ಮೂರು ವರ್ಷದ ಹಿಂದೆ ಜಮೀರನಿಗೆ ಗುಮಾಸ್ತನ ನೌಕರಿ ಸಿಕ್ಕಿತು. ಅಂದು ಶಬ್ಬೀರಸಾಬ ಅಕ್ಕನ ಬಾಯಿಗೆ ಪೇಡೆ ಇಟ್ಟು ನಕ್ಕ.

"ಅವತ್ತು ಹುಡುಗೀನ್ನ ಬಿಡಿಸಲಿಲ್ಲಂದ್ರ ಹುಡುಗ ದಂಡಕ್ಕ ಹೋಗ್ತಿದ್ದ ಆಪಾ. ತಂಗಿ ಮುಂದ ಕುಂತ್ರ ಗಂಡಹುಡುಗ ಹೆಂಗ ತಲಿ ಎತ್ತಿ ಓದ್ತಾನ? ಮನ್ಯಾಗ ಕಲಸ್ತೀನಿ ಅಂದದ್ದು ಒಂದು ನೆವ."

ಅತೀಯಾ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಇಮಾಮಬಾನು ಅವಳನ್ನು ನೋಡಿದಳು. ಕಪ್ ತೆಗೆದುಕೊಂಡು ಒಂದು ಗುಟುಕು ಕುಡಿದಳು.

"ಸಕ್ಕರಿ ಕಮ್ಮಿ ಆಗೈತಿ," ಎಂದಳು.

*

"ಹೊರಗ ಆಫೀಸಿನ ಮಂದಿ ಅದಾರ," ಜಮೀರ ಹಲ್ಲು ಕಚ್ಚಿ ಪಿಸುಗುಟ್ಟಿದ. "ಅಬ್ಬಾ ನಿನಗ ಏನ್ ಕಮ್ಮಿ ಮಾಡಿದ್ರು? ಉಣ್ಣಾಕ ಇರಲಿಲ್ಲೇನು, ಉಡಾಕ ಇರಲಿಲ್ಲೇನು?"

"ಒಂದ ಮಾತು, ಭಾಯ್. 'ನನ್ನ ಸಲುವಾಗಿ ಬಿಡಿಸಿದ್ರು' ಅನ್ನು. ಅಷ್ಟ ಸಾಕು."

ಅವಳಿಗೆ ಬೇಕಾಗಿದ್ದದ್ದು ನಿಜವಾಗಿಯೂ ಅಷ್ಟೇ. ನಮಾಜಿನ ಹೊತ್ತಾಗುತ್ತಿತ್ತು. ಜಮೀರ ಗಡಿಯಾರ ನೋಡಿದ, ತಂಗಿಯನ್ನು ನೋಡಿದ, ಕರವಸ್ತ್ರದಿಂದ ಮುಖ ಒರೆಸಿಕೊಂಡು ಹೊರಗೆ ನಡೆದ. ಅವನ ದನಿ ಒಳಗಿದ್ದವರಿಗೆಲ್ಲ ಕೇಳಿಸಿತು.

"ಮಾಫ್ ಮಾಡ್ಯಾಳ್ರಿ. ಬರ್ರಿ, ಎತ್ರಿ."

"ನಾ ಅಂದಿಲ್ಲ! ನಾ ಇನ್ನೂ—"

ಇಮಾಮಬಾನುವಿನ ಅಂಗೈ ಅವಳ ಬಾಯಿ ಮುಚ್ಚಿತು. ದಪ್ಪ ಹೆಂಗಸು, ತಮ್ಮನ ಮಗಳನ್ನು ಎದೆಗವಚಿಕೊಂಡು ಗೋಡೆಗೆ ಒತ್ತಿ ನಿಂತಳು. ನೋಡಿದವರು ಸಮಾಧಾನ ಮಾಡುತ್ತಿದ್ದಾಳೆ ಅನ್ನಬೇಕು, ಹಾಗೆ. ನಾಲ್ವರು ಒಳಗೆ ಬಂದು ಜನಾಜಾ ಎತ್ತಿದರು. ಕಲ್ಮಾ ಹೇಳುತ್ತ ಗಂಡಸರು ಓಣಿಗಿಳಿದರು.

"ಮನ್ಯಾಗ ಕಲಿಸಿದ್ರೂ ಮಗಳಿಗೆ ಎಷ್ಟ್ ಛಲೋ ಬುದ್ಧಿ ಕಲಿಸ್ಯಾನ ನೋಡ್ರಿ," ಎಂದು ಯಾರೋ ಮುದುಕರು ಕಿಟಕಿಯ ಪಕ್ಕದಲ್ಲೇ ಹೇಳಿಕೊಂಡು ಹೋದರು.

ದನಿಗಳು ಓಣಿಯ ತಿರುವು ದಾಟಿದ ಮೇಲೆ ಇಮಾಮಬಾನು ಕೈ ತೆಗೆದಳು. ಅಂಗೈಯಲ್ಲಿ ನಾಲ್ಕು ಹಲ್ಲು ನಾಟಿ ರಕ್ತ ಜಿನುಗುತ್ತಿತ್ತು. ಅದನ್ನು ಎತ್ತಿ ಎಲ್ಲರಿಗೂ ತೋರಿಸಿದಳು.

"ನೋಡ್ರೆವಾ. ಸಾಲಿ ಕಲಿಲಾರದ್ದು ಹಿಂಗ ಮಾಡ್ತೈತಿ."

ಬೆಳಗಿನಿಂದ ಕೂತಲ್ಲೇ ಕೂತಿದ್ದ ಅಮೀನಾಬೀ ಗೋಡೆ ಹಿಡಿದು ಎದ್ದಳು. ಅಡಿಗೆಮನೆಯಿಂದ ಚಿಟಿಕೆ ಅರಿಷಿಣ ತಂದು, ಮಗಳಿಗೆ ಬೆನ್ನು ಮಾಡಿ ಕೂತು, ನಾದಿನಿಯ ಅಂಗೈಗೆ ಒತ್ತಿ, ಉರಿಯಬಾರದೆಂದು ಮೆಲ್ಲಗೆ ಊದತೊಡಗಿದಳು.