ಕಮಲಾಪುರದಲ್ಲಿ ವನ್ಸ್ ಮೋರ್

ಫರೀದಾ ೨೦೦೧ರಲ್ಲಿ ದಿನವೂ ಗುಲಬರ್ಗಾದಿಂದ ಬಸ್ಸು ಹಿಡಿದು ಕಮಲಾಪುರದ ಕಾಲೇಜಿಗೆ ಭೌತಶಾಸ್ತ್ರ ಕಲಿಸಲು ಬರುತ್ತಿದ್ದಳು. ವಿಭಾಗಕ್ಕೊಂದು ಕಂಪ್ಯೂಟರ್ ಕೇಳಿದಾಗ ಆಡಳಿತ ಮಂಡಳಿಯ ಅಧ್ಯಕ್ಷ ಸೂಗಪ್ಪನವರು, "ಅದು ಏನ್ ಮಾಡ್ತದಂತ ಮೊದಲ ಮಂದಿ ಮುಂದ ತೋರಸ್ರಿ" ಎಂದರು. ಉತ್ಸಾಹದಲ್ಲಿ ಅವಳು ತೋರಿಸಲೆಂದು, ಪ್ರಯೋಗಾಲಯವನ್ನೇ ಇನ್ನೂ ದಾಟದ ಕ್ವಾಂಟಮ್ ಕಂಪ್ಯೂಟರನ್ನು ಆರಿಸಿಕೊಂಡಳು.

ಅದಕ್ಕಾಗಿ ಕಾಲೇಜಿನಲ್ಲಿ ಕರೆದ ಸಭೆಯಲ್ಲಿ ಸೂಗಪ್ಪನವರು ತಮ್ಮ ಉಂಗುರವನ್ನು ನಾಲ್ಕು ಡಬ್ಬಿಗಳ ಪೈಕಿ ಎರಡನೆಯದರಲ್ಲಿ ಎಲ್ಲರೆದುರೇ ಇಟ್ಟರು. ಫರೀದಾ ಹಲಗೆಯ ಮೇಲೆ ಅಡ್ಡಗೆರೆ ಎಳೆದು, ಅದರ ಮೇಲೆ ಡಬ್ಬಿಗೊಂದರಂತೆ ಎರಡೆರಡು ಗೇಣಿನ ಕಡ್ಡಿ ಬರೆದಳು.

"ಉಂಗುರ ಎಲ್ಲಿ ಅದ ಅಂತ ಯಂತ್ರಕ್ಕ ಗೊತ್ತಿಲ್ಲ. ಅದಕ್ಕ ನಾಲ್ಕೂ ಸಮ. ನಾಲ್ಕೂ ಡಬ್ಬಿನ್ನ ಒಮ್ಮೆಲೇ ಕೇಳ್ತದ. ಉಂಗುರ ಇದ್ದದ್ದರ ಕಡ್ಡಿ ತಲೆಕೆಳಗಾಗ್ತದ." ಎರಡನೆಯ ಕಡ್ಡಿ ಗೆರೆಯ ಕೆಳಗಿಳಿಯಿತು. "ಕೆಳಗಿನದನ್ನ ಕಳದು ನೋಡಿದ್ರ ಈಗ ಸರಾಸರಿ ಒಂದು ಗೇಣು. ಪ್ರತಿಯೊಂದೂ ಸರಾಸರಿಯಿಂದ ಎಷ್ಟು ದೂರ ಅದನೋ ಅಷ್ಟೇ ದೂರ ಆಚೆ ಕಡೆ ಜಿಗೀತದ."

ಉಳಿದ ಮೂರೂ ಸೊನ್ನೆಯಾದವು. ಎರಡನೆಯದು ನಾಲ್ಕು ಗೇಣು ಎದ್ದು ನಿಂತಿತು.

"ಕಡ್ಡಿ ಉದ್ದ ಆದಷ್ಟೂ ಆ ಡಬ್ಬಿ ಸಿಗೋದು ಜಾಸ್ತಿ. ಈಗ ನೋಡಿದ್ರ ಉಂಗುರ ಖಾತ್ರಿ."

"ಮುಗೀತೇನ್ರಿ?" ಸೂಗಪ್ಪನವರಿಗೆ ಮೋಸ ಹೋದಂತಾಯಿತು. ಚಹಾ ಇನ್ನೂ ಕುದಿದಿರಲಿಲ್ಲ. "ವನ್ಸ್ ಮೋರ್!"

"ಬ್ಯಾಡ್ರಿ ಸರ್, ಇಲ್ಲೇ ನಿಲ್ಲಸಬೇಕು."

"ಒಮ್ಮೆಗೆ ನಾಕು ಗೇಣಾತು, ಇನ್ನೊಮ್ಮೆಗೆ ಎಂಟಾಗ್ತದ. ಮಾಡ್ರಿ!"

ಹುಡುಗರು ಸಿಳ್ಳೆ ಹಾಕಿದರು. ಫರೀದಾ ಮನಸ್ಸಿಲ್ಲದೆ ಮಾಡಿದಳು. ಉದ್ದನೆಯ ಕಡ್ಡಿ ತಲೆಕೆಳಗಾಯಿತು. ಸರಾಸರಿಯು ಅಡ್ಡಗೆರೆಯ ಕೆಳಗೆ ಒಂದು ಗೇಣಿಗೆ ಇಳಿಯಿತು. ಎಲ್ಲ ಜಿಗಿದ ಮೇಲೆ ಮೂರು ಕೆಳಗೆ, ಒಂದು ಮೇಲೆ, ಆದರೆ ಎಲ್ಲವೂ ಎರಡೇ ಗೇಣು.

"ಮ್ಯಾಲಿರಲಿ ಕೆಳಗಿರಲಿ, ಉದ್ದ ಒಂದೇ. ಈಗ ಯಾವ ಡಬ್ಬಿನಾರ ಬರಬಹುದು ಸರ್."

ಸೂಗಪ್ಪನವರು ಎದ್ದು ಉಂಗುರ ತೆಗೆದು ಬೆರಳಿಗೇರಿಸಿಕೊಂಡರು. "ಕೇಳ್ರಪಾ, ಸಿಕ್ಕಿದ್ದನ್ನ ಮತ್ತ ಕಳೀತದ ಈ ಯಂತ್ರ! ನಮಗ ಹುಡುಕೋ ಯಂತ್ರ ಬ್ಯಾಡ, ಕಳೀಲಾರದಂಗ ಇಡೋ ವ್ಯವಸ್ಥಾ ಬೇಕು."

ಅಂದಿನ ಅತಿ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು. ಎರಡನೆಯ ಸಲ ಮಾಡಿಸಿದವರು ಯಾರು ಎಂಬ ಮಾತು ಫರೀದಾಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಚಹಾ ಬಂತು.

ಮುಂದಿನ ವಾರ ಅಧ್ಯಕ್ಷರ ಹೆಸರು ಬರೆಸಿದ ಕಬ್ಬಿಣದ ಅಲಮಾರಿಯೊಂದು ವಿಭಾಗಕ್ಕೆ ಬಂದಿಳಿಯಿತು. ಅಂದು ಸಂಜೆ ಮನೆಯಲ್ಲಿ ತಾಯಿ ಇಮಾಮಬಿ, "ಕಂಪ್ಯೂಟರ್ ಬಂತೇನ?" ಎಂದು ಕೇಳಿದಳು.

"ಬರ್ತದ ಅಮ್ಮಿ," ಫರೀದಾ ಚಪ್ಪಲಿ ಬಿಡುತ್ತ ನಕ್ಕಳು, "ಸದ್ಯ ಅದನ್ನ ಇಟ್ಟು ಕೀಲಿ ಹಾಕಾಕ ಅಲಮಾರಿ ಬಂದದ."