ಗಂಜಿಮನೆ ಬಾಗಿಲಲ್ಲಿ ಗಂಡನ ಹೆಸರು

ಧಾತು ಸಂವತ್ಸರದ ಬರದಲ್ಲಿ ಕಣೇಕಲ್ಲು ಕೆರೆ ಬತ್ತಿ ಬಿರುಕು ಬಿಟ್ಟಿತ್ತು. ಸರ್ಕಾರ ಏರಿಯ ಕೆಳಗೆ ಗಂಜಿಮನೆ ತೆರೆದು, ಹೆಸರು ಬರೆಸಿದವರಿಗೆ ಒಂದೊಂದು ತಗಡಿನ ಬಿಲ್ಲೆ ಕೊಟ್ಟಿತು. ಹಸಿದ ಹೊಟ್ಟೆ ಸುಮ್ಮನಿರುತ್ತದೆಯೇ? ಒಂದೇ ಬಿಲ್ಲೆ ಕೈಯಿಂದ ಕೈಗೆ ದಾಟಿ ಇಬ್ಬಿಬ್ಬರು ಉಂಡರು. ಸುದ್ದಿ ಮೇಲಿನವರ ಕಿವಿಗೆ ಬಿತ್ತು, ಹುಕುಂ ಬಂತು: ಬಿಲ್ಲೆ ತೋರಿಸುವ ಹೆಂಗಸು ದಿನಾಲೂ ತನ್ನ ಬಾಯಿಂದಲೇ ಗಂಡನ ಹೆಸರು ಹೇಳಬೇಕು, ಪುಸ್ತಕದಲ್ಲಿದ್ದ ಹೆಸರಿಗೆ ತಾಳೆಯಾದರೆ ಮಾತ್ರ ಗಂಜಿ. ನಮ್ಮ ಕಡೆಯ ಹೆಂಗಸರು ಪ್ರಾಣ ಹೋದರೂ ಗಂಡನ ಹೆಸರೆತ್ತುವುದಿಲ್ಲ, ಎತ್ತಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆಂದು ಅಂಜುತ್ತಾರೆ. ಹುಕುಂ ಬರೆದ ಪುಣ್ಯಾತ್ಮನಿಗೆ ಅದನ್ನು ಯಾರು ತಿಳಿಸಬೇಕಿತ್ತೋ.

ಓಬಕ್ಕ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಳು. ಮಳೆ ಕೈಕೊಟ್ಟ ಶ್ರಾವಣದಲ್ಲಿ ಅವಳ ಗಂಡ ಕುರಿ ಹೊಡೆದುಕೊಂಡು ಹುಲ್ಲು ಹುಡುಕುತ್ತ ಪಡುವಣಕ್ಕೆ ಹೋಗಿದ್ದ. ಸಂಕ್ರಾಂತಿ ಕಳೆದರೂ ಸುದ್ದಿಯಿರಲಿಲ್ಲ.

“ಹೇಳವ್ವ” ಎಂದ ಗುಮಾಸ್ತ ಗೋಪಾಲಪ್ಪ.

“ಹೆಂಗ ಹೇಳ್ಲಿ ಸ್ವಾಮಿ? ಎಲ್ಲಿ ಅದಾರೋ, ಹೆಂಗ ಅದಾರೋ. ಹಿಂದಿರೋರ್ನ ಕೇಳ್ರಿ, ಹೇಳ್ತಾರ.”

“ಮಂದಿ ಹೇಳಿದ್ರ ನಡಿಯಂಗಿಲ್ಲವ್ವ. ಏನ್ ಮಾಡ್ಲಿ, ಹುಕುಂ.”

ಅವಳು ಖಾಲಿ ಗಡಿಗೆ ಹೊತ್ತು ಮನೆಗೆ ಬಂದಳು. ಮನೆಯಲ್ಲಿ ಅತ್ತೆ ಈರಕ್ಕ ಹಾಸಿಗೆ ಹಿಡಿದಿದ್ದಳು. ಎರಡು ದಿನ ಇಬ್ಬರೂ ನೀರು ಕುಡಿದು ಮಲಗಿದರು. ಮೂರನೆಯ ಬೆಳಿಗ್ಗೆ ಮುದುಕಿಯೇ ಬಾಯಿಬಿಟ್ಟಳು.

“ಹೇಳಿಬಿಡವ್ವ. ಅವನ್ನ ಹೆತ್ತಾಕಿ ನಾನು, ನಾನೇ ಹೇಳು ಅಂತೀನಿ. ನಾವು ಸತ್ರ ಅವ ಬಂದು ಯಾರ ಮುಖ ನೋಡ್ಬೇಕು?”

ಓಬಕ್ಕ ಹೋಗಿ ಹೇಳಿದಳು. “ಹುಲುಗಪ್ಪ.” ಗಂಜಿ ತಂದು ಅತ್ತೆಗೆ ಕುಡಿಸಿ, ತಾನೂ ಕುಡಿದು, ಗಂಡನನ್ನು ಕೈಯಾರೆ ಕೊಂದೆನೇನೋ ಎಂದು ಹಿತ್ತಲಲ್ಲಿ ಕೂತು ಅತ್ತಳು.

ಅಳು ನಾಲ್ಕು ದಿನ ಇತ್ತು. ಆಮೇಲೆ ಏನಾಯಿತೋ ಅವಳಿಗೇ ತಿಳಿಯದು. ಮದುವೆಯಾದಾಗಿನಿಂದ ಅವನನ್ನು ‘ಇಕಾ’, ‘ಕೇಳಿದ್ರೇನ್ರಿ’ ಎಂದೇ ಕರೆದವಳು. ಈಗ ಹೆಸರು ಹೇಳಿದಾಗಲೆಲ್ಲ ಅವನು ಎಲ್ಲಿಯೋ ನಿಂತು ಹಿಂದಿರುಗಿ ನೋಡಿದಂತಾಗುತ್ತಿತ್ತು. ಅವನ ಕಂಬಳಿಯ ಉಣ್ಣೆವಾಸನೆ ಮೂಗಿಗೆ ಬರುತ್ತಿತ್ತು. ಅತ್ತೆಯೆದುರು ಹೇಳುವಂತಿಲ್ಲ, ಬಾವಿಕಟ್ಟೆಯಲ್ಲಿ ಅಂದರೆ ನಾಲ್ಕು ಮಂದಿ ಬಾಯಿಗೆ ಬಟ್ಟೆ ಹಿಡಿದು ನಗುತ್ತಾರೆ. ಗಂಜಿಮನೆ ಬಾಗಿಲಲ್ಲಿ ಮಾತ್ರ ಸರ್ಕಾರವೇ ಹೇಳು ಅನ್ನುತ್ತಿತ್ತು. ಪಾಪ ಸರ್ಕಾರದ ತಲೆಗೆ, ಹೆಸರು ತನ್ನ ಬಾಯಿಗೆ. ಬೆಳಗಾದರೆ ಅವಳ ಕಾಲುಗಳು ಹಸಿವಿಗಿಂತ ಮುಂಚೆ ಅತ್ತ ಹೊರಡುತ್ತಿದ್ದವು.

ಉಳಿದ ಹೆಂಗಸರಿಗೆ ಅದು ದಿನದಿನದ ಸಾವಾಗಿತ್ತು. ಕೆಲವರು ಬರುವುದನ್ನೇ ಬಿಟ್ಟರು. ಗೋಪಾಲಪ್ಪ ಮೇಲಿನವರ ಹತ್ತಿರ ಹೋಗಿ ಕೈಮುಗಿದು, ಬೈಸಿಕೊಂಡು, ಕೊನೆಗೂ ಹುಕುಂ ರದ್ದು ಮಾಡಿಸಿದ.

“ಇನ್ನ ಹೆಸರು ಬ್ಯಾಡ್ರವ್ವ” ಎಂದು ಸಾಲಿಗೆಲ್ಲ ಕೇಳುವಂತೆ ಹೇಳಿದ. “ನಿಮ್ಮ ಮುಖ ನನಗ ಗುರ್ತೈತಿ. ಮಾನವಾಗಿ ಬರ್ರಿ, ಮಾನವಾಗಿ ಹೋಗ್ರಿ.”

ಹೆಂಗಸರು ಅವನ ಮಕ್ಕಳುಮರಿ ತಣ್ಣಗಿರಲಿ ಎಂದು ಹರಸಿದರು. ಓಬಕ್ಕನ ಗಡಿಗೆಗೆ ಗಂಜಿ ಬಿತ್ತು. ಅವಳು ಕದಲಲಿಲ್ಲ.

“ಇನ್ನೇನವ್ವ?”

“ಒಂದ್ಸಲ ಕೇಳ್ರಿ ಸ್ವಾಮಿ.”

“ಏನ್ ಕೇಳ್ಲಿ?”

ಅವಳು ಸೆರಗಿನ ಅಂಚು ಹಿಡಿದು ನೆಲ ನೋಡಿದಳು. ಗೋಪಾಲಪ್ಪನಿಗೆ ತಡವಾಗಿ ಅರ್ಥವಾಯಿತು. ಹಿಂದಿನವರನ್ನು ಕೈಸನ್ನೆಯಿಂದ ತಡೆದು, ಮೆಲ್ಲಗೆ ಕೇಳಿದ.

“ನಿನ್ನ ಗಂಡನ ಹೆಸರೇನವ್ವ?”

“ಹುಲುಗಪ್ಪ” ಎಂದಳು ಓಬಕ್ಕ. “ಕುರಿ ಮೇಸಾಕ ಹೋಗ್ಯಾರ್ರಿ. ಬರ್ತಾರ.”