ಅರ್ಧ ಕೊಡೆ

“ಕತ್ತೆ ಮುಂಡೇದೇ, ಗವರ್ನರ್ ಮೂತಿಗೇ ಬೆನ್ನು ಹಾಕ್ಕೊಂಡು ನಿಲ್ತೀಯೇನೇ? ನಿಮ್ಮಪ್ಪನ ಮನೆ ಪಟವೇನೇ ಅದು?”

ಕಚೇರಿಯ ಮೇನೇಜರ ಹೀಗೆ ಬಯ್ಯುವಾಗ, ಪಟಗಳಿಗೆ ಕಟ್ಟು ಹಾಕುವ ಅಕ್ಕ ಏಣಿಯ ಮೇಲಿದ್ದಳು, ಬಾಯಲ್ಲಿ ನಾಲ್ಕು ಮೊಳೆ. ಅಪ್ಪನ ಮನೆಯದಲ್ಲ, ನಿಜ, ಅಮ್ಮನ ಕಡೆಯದು. ಹಡಗಿನಲ್ಲಿ ಬಂದ ಗವರ್ನರುಗಳು, ಆಮೇಲೆ ವಿಮಾನದಲ್ಲಿ ಬಂದ ಗವರ್ನರುಗಳು ಹಜಾರದ ಉದ್ದಕ್ಕೂ ನೇತಾಡುತ್ತಿದ್ದರು. ಮೂರನೆಯವನ ಪಕ್ಕ ಬರಿಗಾಲಲ್ಲಿ ಕೊಡೆ ಹಿಡಿದು ನಿಂತವನು ಅಮ್ಮನ ತಾತ. ನೆರಳೆಲ್ಲ ದೊರೆಗೆ, ಬಿಸಿಲೆಲ್ಲ ತಾತನಿಗೆ. ಅವನ ಮುಖ ಮನೆಯವರಿಗೆ ನೋಡಸಿಗುತ್ತಿದ್ದುದು ಇದೊಂದೇ ಕಡೆ. ಈ ಹಜಾರ ಗುಡಿಸುತ್ತಿದ್ದ ಅಮ್ಮ ದಿನಾ ಮೊದಲು ತಾತನ ಪಾದ ಒರೆಸಿ, ಆಮೇಲೆ ಅದೇ ಬಟ್ಟೆಯನ್ನು ದೊರೆಯ ಬೂಟಿಗೆ ತಾಗಿಸುತ್ತಿದ್ದಳು.

“ಹೊಸ ಕಟ್ಟುಗಳೆಲ್ಲ ಒಂದೇ ಅಳತೆ. ಈ ಮೂರನೇ ಪಟ ಅಗಲ ಜಾಸ್ತಿ,” ಎಂದ ಮೇನೇಜರ. “ಆ ಕೊಡೆ ಹಿಡಿದಿರೋ ದರಿದ್ರದವನ್ನ ಕಿತ್ತು ಬಿಸಾಕು.”

ಅಕ್ಕ ಮೊಳೆಗಳನ್ನು ಅಂಗೈಗೆ ಉಗಿದಳು. “ಯಾರನ್ನ ಉಳಿಸ್ಬೇಕು ಅಂತ ಒಂದು ಚೀಟಿ ಬರ್ಕೊಡಿ ಸ್ವಾಮಿ. ನಾಳೆ ಏರುಪೇರಾದ್ರೆ ನನ್ ತಲೆಗೆ ಕಟ್ತೀರಿ.”

ಆ ಕಚೇರಿಯಲ್ಲಿ ಯಾವ ಪದವನ್ನೂ ಪೂರ್ತಿ ಬರೆಯುವ ರೂಢಿಯಿರಲಿಲ್ಲ. ಕಾರ್ಯದರ್ಶಿ ಅಂದರೆ ‘ಕಾರ್ಯ.’ ಮೇನೇಜರ ಅಂದರೆ ‘ಮೇ.’ ಅವನು ಮೇಯುತ್ತಿದ್ದುದೂ ಸುಳ್ಳಲ್ಲ. ‘ಆಳುವವರು’ ಎಂದು ಬರೆಯಲೂ ಬೇಸರಪಟ್ಟು ಗೀಚಿದ: ‘ಪಟ 3. ಆಳು. ಮಾತ್ರ ಉಳಿಯತಕ್ಕದ್ದು.’ ರುಜು, ಮೊಹರು.

ಅಕ್ಕ ಎರಡು ಸಲ ಓದಿ, ಏಣಿ ಹಿಡಿದಿದ್ದ ತಂಗಿಗೆ ತೋರಿಸಿದಳು.

“ಅಕ್ಕಾ, ಇದು ಅವನು ಹೇಳಿದ್ದಕ್ಕೆ ಉಲ್ಟಾ...”

“ಶ್! ಸರ್ಕಾರದ ಅಪ್ಪಣೆ ಕಣೇ.” ಅಕ್ಕ ಮೂರನೆಯ ಗವರ್ನರನ ಹಾಗೆ ಕೆನ್ನೆ ಉಬ್ಬಿಸಿ, ಮೂಗಿನಲ್ಲೇ ನುಡಿದಳು: “ಆಳು ಮಾತ್ರ ಉಳಿಯತಕ್ಕದ್ದೂ!”

ತಂಗಿ ನಕ್ಕ ರಭಸಕ್ಕೆ ಏಣಿ ಗಡಗಡ ಅಂದಿತು.

ಕತ್ತರಿ ಮುಟ್ಟಲಿಲ್ಲ. ದೊರೆಯನ್ನು ಟೋಪಿಯಿಂದ ಬೂಟಿನವರೆಗೆ ನೀಟಾಗಿ ಹಿಂದಕ್ಕೆ ಮಡಚಿ ಮೊಳೆ ಜಡಿದಳು.

ಮರುದಿನ ಈಗಿನ ಗವರ್ನರರೇ ಬಂದು ಪರದೆ ಎಳೆದರು. ‘ಘನತೆವೆತ್ತ ಗವರ್ನರ್’ ಎಂಬ ಹಿತ್ತಾಳೆ ಫಲಕದ ಮೇಲೆ ತಾತ ಬರಿಗಾಲಲ್ಲಿ ನಿಂತಿದ್ದ. ಅರ್ಧ ಕೊಡೆ ದೊರೆಯ ಜೊತೆ ಮಡಿಕೆಗೆ ಸೇರಿತ್ತು. ಉಳಿದರ್ಧದ ಕೆಳಗೆ ಅವನೊಬ್ಬನೇ.

“ಇವರು ಯಾವಾಗ ಆಳಿದ್ದು?” ಗವರ್ನರರು ಕನ್ನಡಕ ಸರಿಮಾಡಿಕೊಂಡರು.

“ಬಿಸಿಲಿದ್ದಷ್ಟು ಹೊತ್ತು, ಸ್ವಾಮಿ!” ಹಿಂದಿನಿಂದ ಗುಡಿಸುವವಳೊಬ್ಬಳ ದನಿ. ಹಜಾರವೆಲ್ಲ ಗೊಳ್ಳೆಂದಿತು.

ಮೇನೇಜರ ಅಕ್ಕನ ಮೇಲೆ ಹಾರಿಬಿದ್ದ. “ಬೇವರ್ಸಿ! ಏನೇ ಮಾಡಿದ್ದೀಯ?”

ಅಕ್ಕ ಚೀಟಿ ಬಿಚ್ಚಿ ಎಲ್ಲರಿಗೂ ಕೇಳುವ ಹಾಗೆ ಓದಿದಳು, ಮೊಹರನ್ನೂ ಬಿಡದೆ.

“ಕೊಡೇ!” ಅವನು ಕೈ ಚಾಚಿದ. “ಕೊಡೇ ಅಂದ್ರೆ!”

ಅಕ್ಕ ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಪಟದತ್ತ ಬೆರಳು ತೋರಿದಳು.

“ಕೊಡೆ ಅಲ್ಲಿದೆ ಸ್ವಾಮಿ. ಚೀಟಿ ಮಾತ್ರ ಕೊಡೆ.”